ನಾಲ್ಕನೇ ತಿರುವಿನ ತೇಪೆ

ಫೆಬ್ರವರಿ 11, ಮಂಗಳವಾರ

ಮೊನ್ನೆ ಭಾನುವಾರ, ಫೆಬ್ರವರಿ ಒಂಬತ್ತರಂದು, ಮೊದಲ ಸುತ್ತಿನಲ್ಲೇ, ಟ್ರ್ಯಾಕಿನ ನಾಲ್ಕನೇ ತಿರುವಿನಲ್ಲಿ ನನ್ನ ಕಾರು ಗಿರ್ರನೆ ತಿರುಗಿತು. ಅದು ಅಪಘಾತ. ಇಂದು ಬೆಳಗ್ಗೆ ಹತ್ತು ಗಂಟೆಗೆ ಕ್ಲಬ್ಬಿನ ಫಲಕದ ಮೇಲೆ ಒಂದು ಹಾಳೆ ಅಂಟಿಸಿದರು. ಇದು ಅನ್ಯಾಯ. ಎರಡೂ ಒಂದೇ ಅಲ್ಲವಾದ್ದರಿಂದ ಬೇರೆ ಬೇರೆಯಾಗಿ ಬರೆದಿಡುತ್ತಿದ್ದೇನೆ.

ಹಾಳೆಯಲ್ಲಿರುವುದು ಇಷ್ಟು: "ಕಾರಣ: ಚಾಲಕಿಯ ಅವಸರ ಮತ್ತು ಅನುಭವದ ಕೊರತೆ. ಟ್ರ್ಯಾಕ್ ಸುಸ್ಥಿತಿಯಲ್ಲಿತ್ತು. ಪರವಾನಗಿ ಒಂದು ವರ್ಷ ಅಮಾನತು. ಮೇಲ್ಮನವಿಯ ವಿಚಾರಣೆ ಮಾರ್ಚ್ 26ರಂದು. ಅದಕ್ಕೆ ಮೊದಲು ತರಬೇತುದಾರರ ಬಳಿ ಇಪ್ಪತ್ತು ಗಂಟೆಗಳ ಅಭ್ಯಾಸ ಕಡ್ಡಾಯ."

ಒಂದು ವರ್ಷವೆಂದರೆ ಏನೆಂದು ಬರೆದವರಿಗೆ ಚೆನ್ನಾಗಿ ಗೊತ್ತು. ಸೆಪ್ಟೆಂಬರಿಗೆ ನನಗೆ ಅರವತ್ತು ತುಂಬುತ್ತದೆ. ಕ್ಲಬ್ಬಿನ ಹದಿನೇಳನೇ ನಿಯಮದ ಪ್ರಕಾರ ಅರವತ್ತು ದಾಟಿದವರ ಪರವಾನಗಿ ಚಾಲ್ತಿಯಲ್ಲಿದ್ದರೆ ಮಾತ್ರ ನವೀಕರಣ; ನಿಂತುಹೋದದ್ದನ್ನು ಮತ್ತೆ ಕೊಡುವುದಿಲ್ಲ. ಅಂದರೆ ಇದು ಅಮಾನತಲ್ಲ, ನನ್ನ ರೇಸಿಗೆ ಮಂಗಳ ಹಾಡಿದ್ದು. ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಡತ ಕಾದವಳು ನಾನು. ಸಣ್ಣ ಅಕ್ಷರ ಓದುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ವಯಂ ನಿವೃತ್ತಿ ಪಡೆದ ವರ್ಷ ತಮ್ಮ ತನ್ನ ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೆಯ ಸಣ್ಣ ಕಾರೊಂದನ್ನು ರೇಸಿಗೆ ಸಜ್ಜು ಮಾಡಿ ನನ್ನ ಕೈಗೆ ಕೊಟ್ಟ. ನಾಲ್ಕು ವರ್ಷ ಹವ್ಯಾಸಿಗಳ ವರ್ಗದಲ್ಲಿ ಓಡಿಸಿದ್ದೇನೆ. ಒಮ್ಮೆ ಮೂರನೆಯವಳಾಗಿ ಬಂದೆ. ಇದು ಅನುಭವದ ಕೊರತೆಯಂತೆ. ಹದಿನಾಲ್ಕು ವರ್ಷದ ಹಿಂದೆ, ನಾನಿನ್ನೂ ಪ್ರೇಕ್ಷಕಿಯಾಗಿದ್ದಾಗ, ಅಂಚೆ ಇಲಾಖೆಯ ಒಬ್ಬರು ಇದೇ ತಿರುವಿನಲ್ಲಿ ಟ್ರ್ಯಾಕು ತಪ್ಪಿ ಹುಲ್ಲಿಗೆ ಹೋಗಿದ್ದರು. ಆಗಲೂ ಫಲಕದ ಮೇಲೆ ಇದ್ದದ್ದು ಇದೇ ಪದಗಳು: ಅವಸರ, ಅನುಭವದ ಕೊರತೆ. ಹದಿನಾಲ್ಕು ವರ್ಷದಲ್ಲಿ ಹೊಸ ಬೈಗುಳವನ್ನಾದರೂ ಕಂಡುಹಿಡಿಯಬಹುದಿತ್ತು.

ನಿನ್ನೆ ನಡೆದ ಮೊದಲ ವಿಚಾರಣೆಯಲ್ಲಿ ಸಮಿತಿಯ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ. ತಿರುವಿನ ನಡುವೆ ಆಕ್ಸಲರೇಟರ್ ಬಿಟ್ಟಿರಾ? ಇಲ್ಲ ಎಂದೆ. ಹಾಗೆಂದು ಬರೆದು ಸಹಿಯನ್ನೂ ಹಾಕಿದ್ದೇನೆ. ಏನೋ ಕೆಳಗಿನಿಂದ ತಟ್ಟಿತು, ಕಾರಿನ ಬಾಲ ಜಾರಿಹೋಯಿತು, ಅಷ್ಟೆ. ಹಿಂದೆ ಬರುತ್ತಿದ್ದ ಹಲ್ಲಿನ ಡಾಕ್ಟರ ಕಾರು ಬಂದು ತಾಗಿತು. ಅವರು ಇನ್ನಷ್ಟು ಅಂತರ ಇಟ್ಟುಕೊಳ್ಳಬಹುದಿತ್ತು.

ಫೆಬ್ರವರಿ 12, ಬುಧವಾರ

ತಮ್ಮನ ಗ್ಯಾರೇಜಿಗೆ ಹೋಗಿದ್ದೆ. ಎಡಗಡೆಯ ಬಾಗಿಲು ತಟ್ಟೆಯಂತೆ ಒಳಗೆ ಹೋಗಿದೆ. ಉಳಿದದ್ದೆಲ್ಲ ನೆಟ್ಟಗಿದೆ. ತಮ್ಮ ಕಾರಿನಡಿ ಮಲಗಿಕೊಂಡೇ ಮಾತಾಡಿದ. ಅವನ ಬೂಟು ಕಾಣುತ್ತಿತ್ತು, ಮುಖವಿಲ್ಲ. ಬೂಟಿಗೆ ಬಯ್ಯುವುದು ಕಷ್ಟ.

ಕಾರಿನ ಸಮತೋಲದಲ್ಲೇ ದೋಷವಿತ್ತೇ ಎಂದು ಕೇಳಿದೆ. ಮೂರು ತಿಂಗಳಿಂದ "ಮೂತಿ ತಿರುಗಲ್ಲ, ಮೂತಿ ತಿರುಗಲ್ಲ" ಎಂದು ನಾನೇ ಅವನ ತಲೆ ತಿನ್ನುತ್ತಿದ್ದೆನಂತೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೊರಗೆ ಜಾರುತ್ತದೆ ಎಂಬುದು ನನ್ನ ದೂರು. ಅದಕ್ಕೆ ಅವನು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡಕಂಬಿಯನ್ನು ಬಿಗಿ ಮಾಡಿದ್ದನಂತೆ. ಕಂಬಿ ಬಿಗಿಯಾದರೆ ಹಿಂದಿನ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ, ಆಗ ಮೂತಿ ಸುಲಭವಾಗಿ ತಿರುಗುತ್ತದೆ.

"ಮೂತಿಗೆ ಕೊಟ್ಟಿದ್ದನ್ನ ಬಾಲದಿಂದಲೇ ಕೀಳ್ಬೇಕು ಅಕ್ಕ. ಎರಡೂ ಕಡೆ ಕೊಡೋಕೆ ನಾನೇನು ದೇವರಾ?"

ಆ ಮಾತು ಸಮಿತಿಯ ಮುಂದೆ ಆಡಬೇಡವೆಂದು ಹೇಳಿ ಬಂದೆ.

ಫೆಬ್ರವರಿ 16, ಭಾನುವಾರ

ಕಡ್ಡಾಯ ಶಿಕ್ಷೆಯ ಮೊದಲ ಎರಡು ಗಂಟೆ. ತರಬೇತುದಾರರನ್ನು ಎಲ್ಲರೂ ಆಂಬುಲೆನ್ಸ್ ಮೇಷ್ಟ್ರು ಎನ್ನುತ್ತಾರೆ. ಇಪ್ಪತ್ತಾರು ವರ್ಷ ಆಂಬುಲೆನ್ಸ್ ಓಡಿಸಿದವರು. ಒಂದು ರೇಸಿಗೂ ಇಳಿದವರಲ್ಲ. ಕುದುರೆ ಹತ್ತದವನು ಸವಾರಿ ಕಲಿಸಿದ ಹಾಗೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಂದಲೂ ಸ್ವಲ್ಪ ಬಂದಿರಬೇಕು.

ಟ್ರ್ಯಾಕಿನ ಹಿಂದೆ ಒಂದು ಸಿಮೆಂಟಿನ ಬಯಲಿದೆ. ಅದಕ್ಕೆ ಟ್ಯಾಂಕರಿನಿಂದ ನೀರು ಹಾಯಿಸಿ ಜಾರುವಂತೆ ಮಾಡುತ್ತಾರೆ. ಅಭ್ಯಾಸದ ಕಾರು ಮುದುಕಿ. ನನಗಿಂತ ಹೆಚ್ಚು ಕೆಮ್ಮುತ್ತದೆ. ಹಿಂದಿನ ಸೀಟು ತೆಗೆದು ಒಂದು ಚಾಪೆ ಹಾಸಿದ್ದರು. ಮೇಷ್ಟ್ರು ಬೂಟು ಕಳಚಿ, ಹೆಲ್ಮೆಟ್ ಹಾಕಿಕೊಂಡು, ಆ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದರು. ಇಪ್ಪತ್ತೈದರ ವೇಗದಲ್ಲಿ ಕಂಬಗಳ ಸುತ್ತ ಎಂಟಂಕಿ ಬರೆಯಿರಿ, ನಾನು ಉರುಳಬಾರದು ಎಂದರು.

ಮೊದಲ ತಿರುವಿಗೇ ಬಾಗಿಲಿಗೆ ಬಡಿದರು.

"ರೋಗಿ ಹೋದ ಮೇಡಂ," ಎಂದರು ಹಿಂದಿನಿಂದ, ಬೇಸರವಿಲ್ಲದೆ. "ಇನ್ನೊಬ್ಬನನ್ನ ಹತ್ತಿಸ್ಕೊಳ್ಳಿ."

ಎರಡು ಗಂಟೆಯಲ್ಲಿ ಹದಿನೇಳು ರೋಗಿಗಳನ್ನು ಕೊಂದೆ. ಇದಕ್ಕೂ ನಾಲ್ಕನೇ ತಿರುವಿಗೂ ಏನು ಸಂಬಂಧವೆಂದು ಸಮಿತಿಗೆ ಒಂದು ಪತ್ರ ಬರೆಯಬೇಕು.

ಫೆಬ್ರವರಿ 17, ಸೋಮವಾರ

ಸಮಿತಿಗೆ ನಾಲ್ಕು ಪುಟದ ಪತ್ರ. ಕ್ಲಬ್ಬಿನ ಇಪ್ಪತ್ತು ವರ್ಷದ ಚರಿತ್ರೆಯನ್ನು ತಾರೀಖು ಸಮೇತ ಅದರಲ್ಲಿ ನೆನಪಿಸಿದ್ದೇನೆ. ನಮ್ಮವರು ಗಡಿಯಾರ ರಿಪೇರಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೇ ಪೂರ್ತಿ ಓದಿದರು. ಪತ್ರ ಚೆನ್ನಾಗಿದೆ, ಆದರೆ ಉತ್ತರ ಬರೆಯುವವರು ಮೊದಲು ಓದಿ ಮುಗಿಸಬೇಕಲ್ಲ ಎಂದರು. ಎರಡು ಪುಟ ತೆಗೆ ಎಂಬುದು ಅವರ ಸಲಹೆ. ಅರ್ಧ ಪುಟ ತೆಗೆದೆ.

ಫೆಬ್ರವರಿ 20, ಗುರುವಾರ

ಇವತ್ತು ಒಂಬತ್ತು ರೋಗಿಗಳು.

ಮೇಷ್ಟ್ರು ಮಲಗಿಕೊಂಡೇ ಹೇಳುತ್ತಾರೆ: ಈಗ ಭಾರ ನನ್ನ ತಲೆಗೆ ಬಂತು, ಈಗ ಬಲ ಭುಜಕ್ಕೆ, ಈಗ ಕಾಲಿಗೆ. ಬ್ರೇಕ್ ಒತ್ತಿದರೆ ಕಾರಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬರುತ್ತದೆ. ಆಕ್ಸಲರೇಟರ್ ಒತ್ತಿದರೆ ಹಿಂದಕ್ಕೆ. ಭಾರ ಎಲ್ಲಿದೆಯೋ ಹಿಡಿತ ಅಲ್ಲಿ. ಇಷ್ಟು ನನಗೆ ಪುಸ್ತಕದಿಂದ ಗೊತ್ತಿತ್ತು, ಮೂರು ಪುಸ್ತಕ ಓದಿದ್ದೇನೆ. ಹಾಗಾದರೆ ಬ್ರೇಕನ್ನು ಯಾಕೆ ಫಟ್ಟನೆ ಬಿಡುತ್ತೀರಿ ಎಂದು ಕೇಳಿದರು. ಬ್ರೇಕ್ ಫಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತದೆ, ಮುಂದಿನ ಚಕ್ರಗಳು ಹಗುರವಾಗುತ್ತವೆ, ಸರಿಯಾಗಿ ಆ ಕ್ಷಣದಲ್ಲೇ ನಾನು ಸ್ಟಿಯರಿಂಗ್ ತಿರುಗಿಸುತ್ತೇನೆ. ಮತ್ತೆ ಮೂತಿ ತಿರುಗುವುದಾದರೂ ಹೇಗೆ?

ನನ್ನ ಕಾರು ಬೇರೆ, ಈ ಮುದುಕಿ ಬೇರೆ.

ಫೆಬ್ರವರಿ 27, ಗುರುವಾರ

ಬ್ರೇಕ್ ಬಿಡುವುದು ಒತ್ತುವುದಕ್ಕಿಂತ ಕಷ್ಟ. ಬೆರಳೆಣಿಸಿದ ಹಾಗೆ ಬಿಡಬೇಕು: ಕಾಲು ಎಷ್ಟು ಬಿಡುತ್ತದೋ ಕೈ ಅಷ್ಟೇ ತಿರುಗಬೇಕು. ಮಲಗಿದ ಮಗುವನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ದಾಟಿಸುವ ಹಾಗೆ. ಇವತ್ತು ಒಂದು ಸಲ, ಒಂದೇ ಸಲ, ಹಾಗೆ ಆಯಿತು. ಒದ್ದೆ ಸಿಮೆಂಟಿನ ಮೇಲೆ ಮುದುಕಿ ಸುಮ್ಮನೆ ತಿರುಗಿದಳು. ಟೈರು ಕಿರುಚಲಿಲ್ಲ, ಹಿಂದಿನಿಂದ ಮಾತೂ ಬರಲಿಲ್ಲ. ಕಾರಿನ ನಾಲ್ಕು ಕಾಲೂ ನನ್ನ ಸೊಂಟದ ಕೆಳಗೆ ಒಂದೊಂದಾಗಿ ಗೊತ್ತಾದವು. ಆಮೇಲೆ ಅದನ್ನೇ ಮತ್ತೆ ಮಾಡಲು ಹೋಗಿ ಇಬ್ಬರನ್ನು ಕೊಂದೆ.

ಬಯಲಿನ ಅಂಚಿನ ಗೋಡೆಯ ಮೇಲೆ ಕೂತು ಚಹಾ ಕುಡಿದೆವು. ಅಷ್ಟು ರಭಸದಲ್ಲೂ ರೋಗಿಗೆ ತೊಂದರೆಯಾಗದಂತೆ ಓಡಿಸುವುದು ಹೇಗೆ ಬಂತು ಎಂದು ಕೇಳಿದೆ. ಮೊದಲ ವರ್ಷ ಬರಲಿಲ್ಲ ಎಂದರು. ಲೋಟವನ್ನು ಗೋಡೆಯ ಮೇಲಿಟ್ಟು ಹೆಲ್ಮೆಟ್ ಕೈಗೆತ್ತಿಕೊಂಡರು.

ಸಮಿತಿಯಿಂದ ಇನ್ನೂ ಉತ್ತರವಿಲ್ಲ. ಮತ್ತೆ ಬರೆಯಬೇಕು. ನಾಳೆ ನೋಡೋಣ.

ಮಾರ್ಚ್ 2, ಭಾನುವಾರ

ಇಂದಿನ ಅಭ್ಯಾಸ ಕಾಲ್ನಡಿಗೆಯಲ್ಲಿ. ರೇಸಿನ ಹಿಂದಿನ ದಿನ ಟ್ರ್ಯಾಕನ್ನು ಒಂದು ಸುತ್ತು ನಡೆದು ನೋಡುವುದು ಚಾಲಕರ ಪದ್ಧತಿ; ನಾನು ನಡೆಯುವಾಗ ಕೈಯಲ್ಲಿ ಪುಸ್ತಕ ಹಿಡಿದು ಪ್ರತಿ ತಿರುವನ್ನೂ ಬರೆದುಕೊಳ್ಳುತ್ತೇನೆ. ದಾಖಲೆ ಕೋಣೆಯ ಅಭ್ಯಾಸ. ಮೇಷ್ಟ್ರ ಜೊತೆ ನಡೆಯುತ್ತಾ ಆ ಪುಸ್ತಕವನ್ನು ಹಿಡಿದೇ ಹೋಗಿದ್ದೆ.

ನಾಲ್ಕನೇ ತಿರುವಿನ ನಡುವೆ, ಒಳಗಡೆಯ ಚಕ್ರ ಹಾಯುವ ಜಾಗದಲ್ಲೇ, ಕಾಲೊರಸಿನಷ್ಟು ದೊಡ್ಡ ಕಪ್ಪು ತೇಪೆ. ಅಂಚು ಹೆಬ್ಬೆರಳು ದಪ್ಪ ಎದ್ದಿದೆ. ಪುಸ್ತಕ ತೆರೆದೆ. ಫೆಬ್ರವರಿ 8, ಶನಿವಾರ, ಮಧ್ಯಾಹ್ನ ಮೂರು ಗಂಟೆ: "ನಾಲ್ಕು. ಒಳಗಡೆ ಸಣ್ಣ ಬಿರುಕು. ಬೇರೇನಿಲ್ಲ."

ಶನಿವಾರ ಮೂರಕ್ಕೆ ಇಲ್ಲದ್ದು ಭಾನುವಾರ ಹತ್ತಕ್ಕೆ ನನ್ನ ಚಕ್ರದ ಕೆಳಗಿತ್ತು. ಟ್ರ್ಯಾಕ್ ಸುಸ್ಥಿತಿಯಲ್ಲಿತ್ತಂತೆ! ಕಣ್ಣಿಗೆ ಮಣ್ಣೆರಚುವುದೆಂದರೆ ಇದು. ಇಲ್ಲಿ ಮಣ್ಣಿಗೆ ಟಾರು ಬೇರೆ ಬೆರೆಸಿದ್ದಾರೆ.

ಕುಣಿದಾಡುವಷ್ಟು ಖುಷಿಯಾಯಿತು. ಮೇಷ್ಟ್ರು ಮಾತ್ರ ಮಂಡಿಯೂರಿ ಆ ಅಂಚಿನ ಮೇಲೆ ಅಂಗೈ ಆಡಿಸಿ, ಮುಂದಿನ ರೇಸ್ ಯಾವತ್ತು ಎಂದು ಕೇಳಿದರು. ಮಾರ್ಚ್ ಮೂವತ್ತು ಎಂದೆ. ಅವರ ಅಂಗೈ ಇನ್ನೊಮ್ಮೆ ಅಂಚಿನ ಮೇಲೆ ಆಡಿತು.

ಮಾರ್ಚ್ 6, ಗುರುವಾರ

ಟಾರು ಹಾಕುವ ಮೇಸ್ತ್ರಿ ಸಿಕ್ಕಿದ. ಪಾರ್ಕಿಂಗ್ ಜಾಗದ ಗುಂಡಿ ಮುಚ್ಚುತ್ತಿದ್ದ. ಉಪಾಯವಾಗಿ ಕೇಳಬೇಕೆಂದು ನಾನು ಪೀಠಿಕೆ ಹಾಕುವಷ್ಟರಲ್ಲಿ ಅವನೇ ಹೆಮ್ಮೆಯಿಂದ ಎಲ್ಲ ಹೇಳಿಬಿಟ್ಟ. ಶನಿವಾರ ಸಂಜೆ ಐದೂವರೆಗೆ ಆಫೀಸಿನಿಂದ ಫೋನ್ ಬಂತಂತೆ, ಕತ್ತಲಾಗುವುದರೊಳಗೆ ಬಿರುಕು ಮುಚ್ಚು ಎಂದು. ರೋಲರ್ ಬೇರೆ ಕೆಲಸಕ್ಕೆ ಹೋಗಿತ್ತಂತೆ.

"ಕೈಯಲ್ಲೇ ಬಡಿದು ಕೂರಿಸಿದೆ ಅಮ್ಮಾ. ಅಷ್ಟು ಕಾರು ಹತ್ತಿ ಹೋದ್ವು, ಇವತ್ತಿಗೂ ಅಲ್ಲಾಡಿಲ್ಲ ನೋಡಿ."

ಫೋನ್ ಮಾಡಿದ್ದು ಯಾರು ಎಂದರೆ, ಆಫೀಸು ಎನ್ನುತ್ತಾನೆ. ಆಫೀಸಿಗೆ ಬಾಯಿಲ್ಲ, ಅಲ್ಲಿ ಕೂತವರಿಗಿದೆ. ಈ ಮಾತನ್ನು ಸಮಿತಿಯ ಮುಂದೆ ಹೇಳಬಹುದೇ ಎಂದು ಕೇಳಿದೆ. ಧಾರಾಳವಾಗಿ ಹೇಳಿ, ಕೆಲಸ ಗಟ್ಟಿಯಾಗಿದೆ ಅನ್ನೋದನ್ನೂ ಸೇರಿಸಿ ಎಂದ. ಸಂಜೆಯೇ ತೇಪೆಯ ಬಗ್ಗೆ ಸಮಿತಿಗೆ ಒಂದು ಪತ್ರ ಹಾಕಿದೆ.

ಇವತ್ತು ಮೂವರು ರೋಗಿಗಳು. ಮೂವರಿಗೂ ಮೂಗೇಟು ಮಾತ್ರ ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಮಾರ್ಚ್ 9, ಭಾನುವಾರ

ನಲವತ್ತರ ವೇಗದಲ್ಲಿ ಒದ್ದೆ ವೃತ್ತ. ಮೇಷ್ಟ್ರು ಇವತ್ತು ಪಕ್ಕದ ಸೀಟಿನಲ್ಲಿ. ತಿರುವಿನ ನಡುವೆ ಆಕ್ಸಲರೇಟರ್ ಬೇಕೆಂತಲೇ ತಟ್ಟನೆ ಬಿಡಿ ಎಂದರು. ಬಿಟ್ಟೆ. ಮೂತಿ ಕುಕ್ಕರಿಸಿತು, ಭಾರವೆಲ್ಲ ಮುಂದಕ್ಕೆ ಓಡಿತು, ಹಿಂದಿನ ಚಕ್ರಗಳು ಅನಾಥವಾದವು, ಬಾಲ ನಮ್ಮನ್ನು ದಾಟಿ ಮುಂದೆ ಬಂತು. ಇಪ್ಪತ್ತು ಸಲ ಮಾಡಿಸಿದರು. ಇಪ್ಪತ್ತನೆಯ ಸಲಕ್ಕೆ ಬಾಲ ಹೊರಡುವ ಮೊದಲೇ ನನಗೆ ಗೊತ್ತಾಗತೊಡಗಿತು: ಮೊದಲು ಮೂತಿ ಬಾಗುತ್ತದೆ, ರೆಪ್ಪೆ ಬಡಿಯುವಷ್ಟು ಹೊತ್ತು, ಆಮೇಲೆ ಬಾಲ.

ಆಮೇಲೆ ಬಿಡದೆ ಓಡಿಸಿ ಎಂದರು. ಬಿಡದೆ ಓಡಿಸಿದೆ. ಎಷ್ಟು ಸುತ್ತು ಎಂದು ಎಣಿಸಲಿಲ್ಲ. ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಮನೆಗೆ ಬಂದು ಊಟ ಮಾಡಿ ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ. ಮೇಲ್ಮನವಿಯ ಕಡತ ಮೇಜಿನ ಮೇಲೇ ಇತ್ತು.

ಮಾರ್ಚ್ 13, ಗುರುವಾರ

ಮತ್ತೆ ಚಾಪೆ. ಅರ್ಧ ಗಂಟೆ ಎಂಟಂಕಿ ಬರೆದೆ. ಹಿಂದಿನಿಂದ ಸದ್ದೇ ಇಲ್ಲ. ನಿಲ್ಲಿಸಿ ತಿರುಗಿ ನೋಡಿದರೆ ಮೇಷ್ಟ್ರು ಬಾಯಿ ತೆರೆದು ನಿದ್ದೆ ಹೋಗಿದ್ದರು.

ಎಬ್ಬಿಸಲಿಲ್ಲ. ಇನ್ನೊಂದು ಅರ್ಧ ಗಂಟೆ ಓಡಿಸಿದೆ.

ನಮ್ಮವರಿಗೆ ಹೇಳಿದೆ. "ಮದುವೆಯಾಗಿ ಮೂವತ್ತೈದು ವರ್ಷ ಆಯ್ತು. ನಿನ್ನ ಪಕ್ಕ ಕೂತು ನಾನೊಂದು ಸಲ ಕಣ್ಣು ಮುಚ್ಚಿಲ್ಲ" ಎಂದರು.

ಮಾರ್ಚ್ 15, ಶನಿವಾರ

ಹಲ್ಲಿನ ಡಾಕ್ಟರನ್ನು ನೋಡಲು ಹೋಗಿದ್ದೆ. ತೇಪೆ ತಟ್ಟಿದ್ದಕ್ಕೆ ಅವರು ಸಾಕ್ಷಿ ಹೇಳಬಹುದೆಂದು ಹೋದದ್ದು. ದಾರಿಯಲ್ಲಿ ಹಣ್ಣು ಕೊಂಡೆ.

ಅವರ ಬಲಗಡೆಯ ಕೊರಳೆಲುಬು ಮುರಿದಿದೆ. ಬಲಗೈ ಜೋಳಿಗೆಯಲ್ಲಿದೆ. ಎಂಟು ವಾರ ಕೆಲಸವಿಲ್ಲ. ಕ್ಲಿನಿಕ್ಕಿನ ಕುರ್ಚಿಗೆ ಬಟ್ಟೆ ಮುಚ್ಚಿದ್ದರು, ಸಹಾಯಕಿ ಕಿಟಕಿ ಒರೆಸುತ್ತಾ ಹೊತ್ತು ಕಳೆಯುತ್ತಿದ್ದಳು. ಮೂಳೆ ಮುರಿದದ್ದನ್ನು ನನಗೆ ಯಾರೋ ಹೇಳಿದ್ದರು. ಅವತ್ತೇ ಹೇಳಿದ್ದರು. ಎಡಗೈಯಲ್ಲಿ ಹಲ್ಲು ಕಿತ್ತರೆ ಪಕ್ಕದ ಹಲ್ಲು ಬರುತ್ತೆ ಎಂದು ನಕ್ಕರು. ನಕ್ಕದ್ದಕ್ಕೆ ಮುಖ ಕಿವುಚಿಕೊಂಡರು, ನಕ್ಕರೂ ನೋಯುತ್ತದಂತೆ.

"ಮುಂದೆ ಹೋಗೋ ಕಾರಿನ ಬೆನ್ನು ಕಾಣ್ಬೇಕು ಮೇಡಂ. ನನಗೆ ನಿಮ್ಮ ಮುಖವೇ ಕಾಣಿಸ್ತು. ನಮಸ್ಕಾರ ಅನ್ನೋಷ್ಟರಲ್ಲಿ ಬಂದು ಗುದ್ದಿದೆ."

ಅವರ ಕಾರಿನಲ್ಲಿ ಕ್ಯಾಮೆರಾ ಇತ್ತು. ಫೋನಿನಲ್ಲಿ ತೋರಿಸಿದರು. ನನ್ನ ಕಾರು ನಾಲ್ಕನೆಯದಕ್ಕೆ ಇಳಿಯುತ್ತದೆ, ಒಳಗಡೆಯ ಚಕ್ರ ತೇಪೆ ಹತ್ತುತ್ತದೆ, ಕಾರು ಸ್ಪಷ್ಟವಾಗಿ ಎಗರುತ್ತದೆ. ನೋಡಿದಿರಾ, ಉಬ್ಬು ತಟ್ಟಿದ್ದು ಎಷ್ಟು ಚೆನ್ನಾಗಿ ಕಾಣುತ್ತೆ, ನೀವು ಗೆದ್ದಿರಿ ಎಂದರು ಡಾಕ್ಟರು. ಇನ್ನೊಮ್ಮೆ ಹಾಕಿ ಎಂದೆ. ಹನ್ನೊಂದು ಸಲ ನೋಡಿದೆ. ಎಗರಿದ ಮೇಲೆ, ಬಾಲ ಹೊರಡುವ ಮೊದಲು, ರೆಪ್ಪೆ ಬಡಿಯುವಷ್ಟು ಹೊತ್ತು, ಮೂತಿ ಬಾಗುತ್ತದೆ. ಹಿಂದಿನ ದೀಪ ಹತ್ತುವುದಿಲ್ಲ, ಅಂದರೆ ಬ್ರೇಕ್ ಅಲ್ಲ.

ಡಾಕ್ಟರಿಗೆ ಅದು ಕಾಣಲಿಲ್ಲ. ತಿಂಗಳ ಹಿಂದೆ ನನಗೂ ಕಾಣುತ್ತಿರಲಿಲ್ಲ.

ಮಾರ್ಚ್ 16, ಭಾನುವಾರ

ಆಕ್ಸಲರೇಟರ್ ಬಿಟ್ಟಿದ್ದೆ.

ಡಾಕ್ಟರು ನನ್ನ ಫೋನಿಗೆ ಕಳಿಸಿದ ವಿಡಿಯೊವನ್ನು ಮೇಷ್ಟ್ರಿಗೆ ತೋರಿಸಿದೆ. ಒಂದೇ ಸಲ ನೋಡಿ ಫೋನ್ ವಾಪಸು ಕೊಟ್ಟರು. "ಉಬ್ಬು ತಟ್ಟಿದ್ರೆ ಯಾರ ಕಾಲಾದ್ರೂ ಏಳುತ್ತೆ ಮೇಡಂ. ಏಳದ ಹಾಗೆ ಮಾಡ್ಕೊಳ್ಳೋಕೇ ಈ ಇಪ್ಪತ್ತು ಗಂಟೆ."

ಇಲ್ಲವೆಂದು ಸಹಿ ಹಾಕಿದ ಕಾಗದ ಅವರ ಕಡತದಲ್ಲಿದೆ. ಸುಳ್ಳು ಸಹಿಗಳ ಕಡತಗಳನ್ನು ಮೂವತ್ತೊಂದು ವರ್ಷ ಕಟ್ಟಿಟ್ಟಿದ್ದೇನೆ. ಹಾಕಿದವರಲ್ಲಿ ಅರ್ಧ ಜನ ಅದು ನಿಜವೆಂದೇ ನಂಬಿದ್ದಿರಬೇಕು.

ಮಾರ್ಚ್ 20, ಗುರುವಾರ

ಕೊನೆಯ ಎರಡು ಗಂಟೆ. ತಮ್ಮ ಬಾಗಿಲು ಸರಿ ಮಾಡಿದ್ದಾನೆ. ಅಡ್ಡಕಂಬಿಯನ್ನು ಮೊದಲಿನಂತೆ ಸಡಿಲಿಸು ಎಂದು ನಿನ್ನೆಯೇ ಹೇಳಿದ್ದೆ. ಮತ್ತೆ ಮೂತಿ ತಿರುಗಲ್ಲ ಅಂತ ನನ್ನ ಪ್ರಾಣ ತಿನ್ನಬೇಡ ಎಂದಿದ್ದ. ನಾನು ಬೇಡಿದ್ದನ್ನು ಅವನು ಮಾಡಿದ್ದ, ಅಷ್ಟೆ. ನನ್ನ ಕಾಲು ತಪ್ಪು ಮಾಡುತ್ತಿತ್ತು, ಔಷಧಿಯನ್ನು ಕಾರಿಗೆ ಕುಡಿಸುತ್ತಿದ್ದೆವು.

ತರಬೇತುದಾರರು ಜೊತೆಗಿದ್ದರೆ ಟ್ರ್ಯಾಕಿಗೆ ಇಳಿಯಬಹುದು. ಖಾಲಿ ಟ್ರ್ಯಾಕು, ನನ್ನದೇ ಕಾರು, ಪಕ್ಕದಲ್ಲಿ ಮೇಷ್ಟ್ರು. ಮೊದಲ ಎರಡು ಸುತ್ತು ನಿಧಾನ. ಮೂರನೆಯದರಲ್ಲಿ ಬ್ರೇಕನ್ನು ಬೆರಳೆಣಿಸಿ ಬಿಟ್ಟೆ, ಮೂತಿ ತಾನಾಗಿ ಒಳಕ್ಕೆ ಬಂತು. ನಾಲ್ಕು ವರ್ಷದಿಂದ ಜಗಳವಾಡಿದ ಕಾರು ಇದೇನಾ ಎನ್ನಿಸಿತು. ನಾಲ್ಕನೇ ತಿರುವು. ತೇಪೆ ತಟ್ಟಿತು. ಕಾಲು ಪೆಡಲಿನ ಮೇಲೇ ಇತ್ತು. ಕಾರು ಒಮ್ಮೆ ಭುಜ ಕುಣಿಸಿ ತನ್ನ ದಾರಿ ಹಿಡಿಯಿತು.

ಹನ್ನೆರಡು ಸುತ್ತು. ಹನ್ನೆರಡು ಸಲವೂ ತಟ್ಟಿತು, ಹನ್ನೆರಡು ಸಲವೂ ಕಾಲು ಕದಲಲಿಲ್ಲ. ಇಂಥ ಬೆಳಗು ನನಗೆ ಜೀವನದಲ್ಲಿ ಹೆಚ್ಚು ಸಿಕ್ಕಿಲ್ಲ. ಕಾರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಇಬ್ಬರೂ ಇಳಿಯಲಿಲ್ಲ. ಇಂಜಿನ್ ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಮೂವತ್ತನೇ ತಾರೀಖು ಹದಿನೆಂಟು ಜನ ಇದರ ಮೇಲೆ ಹಾಯುತ್ತಾರೆ ಎಂದರು ಮೇಷ್ಟ್ರು. ಅದರಲ್ಲಿ ಐವರು ಹೊಸಬರು ಎಂದೆ ನಾನು.

ಮಾರ್ಚ್ 24, ಸೋಮವಾರ

ಮಧ್ಯಾಹ್ನ ಅಧ್ಯಕ್ಷರೇ ಫೋನ್ ಮಾಡಿದರು. ಮನೆಯವರೆಲ್ಲ ಚೆನ್ನಾಗಿದ್ದಾರಾ, ಗಡಿಯಾರದ ಕೆಲಸ ಹೇಗೆ ನಡೆದಿದೆ ಎಂದೆಲ್ಲ ವಿಚಾರಿಸಿದರು. ಬೆಣ್ಣೆ ಇಷ್ಟು ದಪ್ಪ ಹಚ್ಚಿದರೆ ಕೆಳಗಿನ ರೊಟ್ಟಿ ಹೊತ್ತಿರಬೇಕು ಎಂದುಕೊಂಡೆ. ಹೊತ್ತಿತ್ತು. ನನ್ನ ತರಬೇತಿಯ ವರದಿ ಬಹಳ ಚೆನ್ನಾಗಿದೆಯಂತೆ. ಬುಧವಾರ ಎರಡೇ ನಿಮಿಷದಲ್ಲಿ ಎಚ್ಚರಿಕೆ ಕೊಟ್ಟು ಪರವಾನಗಿ ಹಿಂದಿರುಗಿಸುತ್ತಾರಂತೆ, ಹಾಳೆಯನ್ನೂ ತೆಗೆಯುತ್ತಾರಂತೆ. ತೇಪೆಯ ಬಗ್ಗೆ ಬರೆದ ಪತ್ರವನ್ನು ನಾನು ಹಿಂದಕ್ಕೆ ಪಡೆದರೆ ಸಾಕಂತೆ. "ಹಳೇದನ್ನ ಕೆದಕೋದು ಯಾರಿಗೂ ಒಳ್ಳೇದಲ್ಲ ನೋಡಿ. ಪ್ರಾಯೋಜಕರು ಕೂಡ ಕೇಳ್ತಾರೆ."

ಯೋಚಿಸಿ ಹೇಳುತ್ತೇನೆಂದೆ.

ಸಂಜೆ ತಮ್ಮ ಬಂದಿದ್ದ. ತಗೊಂಡುಬಿಡು ಎಂದ. ಅವನ ಮುಖದಲ್ಲಿ ಆಸೆಯಿತ್ತು. ಆ ಕಾರನ್ನು ಅವನು ನನಗಾಗಿ ಕಟ್ಟಿದ್ದು.

"ಬೇಕಿರೋದು ಕೈಗೆ ಬರ್ತಿದೆ. ನಿನಗೆ ರೇಸ್ ಬೇಕೋ, ಜಗಳ ಬೇಕೋ ಅಕ್ಕ?"

ಫೆಬ್ರವರಿಯಲ್ಲಿ ಕೇಳಿದ್ದರೆ ಉತ್ತರ ನಾಲಗೆಯ ತುದಿಯಲ್ಲಿರುತ್ತಿತ್ತು. ರೇಸೇ ಬೇಕು ಎಂದೆ. ನಿಜವನ್ನೇ ಹೇಳಿದೆ. ಜಗಳವಾಡುವ ಹುಮ್ಮಸ್ಸು ಯಾಕೋ ಇಲ್ಲ. ಆದರೂ ಅಧ್ಯಕ್ಷರಿಗೆ ವಾಪಸು ಫೋನ್ ಮಾಡಲಿಲ್ಲ.

ಮಾರ್ಚ್ 26, ಬುಧವಾರ

ವಿಚಾರಣೆ. ಉದ್ದನೆಯ ಮೇಜು, ಮೂವರು ಸದಸ್ಯರು, ನೀರಿನ ಬಾಟಲಿಗಳು. ಹಿಂದಿನ ಬೆಂಚಿನಲ್ಲಿ ತಮ್ಮ, ಮೇಷ್ಟ್ರು, ಜೋಳಿಗೆಯ ಡಾಕ್ಟರು. ಪತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೀರಲ್ಲ ಎಂದು ಅಧ್ಯಕ್ಷರು ನಗುತ್ತಾ ಕೇಳಿದರು. ಫೆಬ್ರವರಿ ಹತ್ತರಂದು ಸಹಿ ಹಾಕಿದ ಹೇಳಿಕೆಯನ್ನು ಮೊದಲು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ನಾನು ಆಕ್ಸಲರೇಟರ್ ಬಿಟ್ಟಿದ್ದೆ; ವಿಡಿಯೊದಲ್ಲಿ ಕಾಣುತ್ತದೆ; ಹಿಂದಿನ ಕಂಬಿಯನ್ನು ಬಿಗಿ ಮಾಡಿಸಿದ್ದೂ ನಾನೇ. ನನ್ನಿಂದ ಡಾಕ್ಟರ ಮೂಳೆ ಮುರಿಯಿತು. ಇಷ್ಟು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಡಾಕ್ಟರು ಹಿಂದಿನಿಂದ, ಅಷ್ಟೊಂದೇನಿಲ್ಲ ಬಿಡಿ ಎಂದರು. ಅವರನ್ನು ಸುಮ್ಮನಿರಿಸಿದರು.

ಆಮೇಲೆ ತೇಪೆಯ ಮಾತು. ನನ್ನ ಪುಸ್ತಕದ ಪುಟ, ಮೇಸ್ತ್ರಿಯ ಮಾತು, ಎಗರಿದ ಕಾರು, ಮೂರನ್ನೂ ಮೇಜಿನ ಮೇಲಿಟ್ಟೆ. ಕೆಲಸ ಗಟ್ಟಿಯಾಗಿದೆ ಎಂಬುದನ್ನೂ ಮರೆಯದೆ ಸೇರಿಸಿದೆ.

ಅಧ್ಯಕ್ಷರ ನಗು ಹೋಗಿತ್ತು. "ತಪ್ಪು ಒಪ್ಕೊಂಡ ಮೇಲೆ ಇದೆಲ್ಲ ಯಾಕೆ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ ಹಾಗಾಯ್ತು."

"ಕುಣಿಯೋಕೆ ಬರ್ತಿರಲಿಲ್ಲ, ನಿಜ ಸರ್. ಈಗ ಸ್ವಲ್ಪ ಕಲಿತಿದ್ದೀನಿ. ನೆಲ ಇನ್ನೂ ಡೊಂಕಾಗಿಯೇ ಇದೆ."

ಬೆಂಚಿನಲ್ಲಿ ಯಾರೋ ಕೆಮ್ಮಿದರು. ನಿರ್ಧಾರವನ್ನು ಬರವಣಿಗೆಯಲ್ಲಿ ತಿಳಿಸುತ್ತೇವೆ ಎಂದು ಅಧ್ಯಕ್ಷರು ಎದ್ದರು.

ಹೊರಗೆ ತಮ್ಮ ಕಾರಿನ ಕೀಲಿ ನನ್ನ ಕೈಗಿಟ್ಟ. ಆಮೇಲೆ, ವಿಡಿಯೊದಲ್ಲಿ ಆ ಮೂತಿ ಬಾಗಿದ್ದು ಅವರಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ ಎಂದ. ಗೊತ್ತು ಎಂದೆ. ಮನೆಯವರೆಗೂ ನಾನೇ ಓಡಿಸಿದೆ. ಹಿಂದೆ ಕೂತ ಡಾಕ್ಟರು ಜೋಳಿಗೆಯ ಕೈ ಹಿಡಿದುಕೊಳ್ಳುವುದನ್ನು ಮರೆತು ಕಿಟಕಿಯಾಚೆ ನೋಡುತ್ತಿದ್ದರು.

ಮಾರ್ಚ್ 28, ಶುಕ್ರವಾರ

ನಿರ್ಧಾರ ಬಂತು. ಎರಡೇ ಸಾಲು. "ಚಾಲಕಿಯೇ ತಪ್ಪೊಪ್ಪಿರುವುದರಿಂದ ಒಂದು ವರ್ಷದ ಅಮಾನತು ಖಾಯಂ. ಟ್ರ್ಯಾಕಿನ ದುರಸ್ತಿ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿಲ್ಲ."

ಓದಿದೆ, ಮಡಚಿದೆ. ಸೆಪ್ಟೆಂಬರ್ ಬರುತ್ತದೆ, ಹೋಗುತ್ತದೆ. ಸ್ವಲ್ಪ ಹೊತ್ತು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ನಮ್ಮವರು ಬಂದು ಪಕ್ಕದಲ್ಲಿ ಕೂತು ಯಾರದೋ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಮೇಷ್ಟ್ರು ಫೋನ್ ಮಾಡಿ ಗುರುವಾರ ಬಯಲಿಗೆ ನೀರು ಹಾಯಿಸುತ್ತಾರೆ, ಬರುತ್ತೀರಾ ಎಂದರು. ಅದಕ್ಕೆ ಪರವಾನಗಿ ಬೇಡ. ಬರುತ್ತೇನೆಂದೆ.

ಆಮೇಲೆ ಮಧ್ಯಾಹ್ನದ ಹೊತ್ತಿಗೆ ಕ್ಲಬ್ಬಿಗೆ ಹೋಗಿ ನಾಲ್ಕನೇ ತಿರುವನ್ನು ನೋಡಿ ಬಂದೆ. ತೇಪೆ ಹಾಗೇ ಇದೆ. ಒಂದು ಬಿಳಿ ಗೆರೆ ಕೂಡ ಎಳೆದಿಲ್ಲ. ನಾಡಿದ್ದು ರೇಸು.

ಬಂದು ಈ ಪತ್ರ ಬರೆದೆ. ಒಂದೇ ಪುಟ. ಹದಿನೆಂಟು ಪ್ರತಿ ಮಾಡಿಸಿದ್ದೇನೆ, ಚಾಲಕರಿಗೆ ಒಬ್ಬೊಬ್ಬರಿಗೆ ಒಂದೊಂದು. ಹತ್ತೊಂಬತ್ತನೆಯದು ಫಲಕಕ್ಕೆ. ನೆನಪಿಗೆ ಇಲ್ಲೂ ಇಳಿಸಿಕೊಳ್ಳುತ್ತೇನೆ.

"ಸಮಿತಿಯ ಅಧ್ಯಕ್ಷರಿಗೆ,

ಫೆಬ್ರವರಿ ಒಂಬತ್ತರಂದು ನಾಲ್ಕನೇ ತಿರುವಿನ ನಡುವೆ ನಾನು ಆಕ್ಸಲರೇಟರ್ ಬಿಟ್ಟೆ. ಕಾರು ತಿರುಗಿತು, ಹಿಂದೆ ಬರುತ್ತಿದ್ದವರ ಮೂಳೆ ಮುರಿಯಿತು. ಬಿಟ್ಟಿಲ್ಲವೆಂದು ನಾನು ಕೊಟ್ಟ ಹೇಳಿಕೆ ಸುಳ್ಳು. ಇದನ್ನು ನನ್ನ ಹೆಸರಿನ ಸಮೇತ ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿ. ನನ್ನ ಪರವಾನಗಿಯನ್ನು ನಾನು ಕೇಳುತ್ತಿಲ್ಲ.

ನಾಡಿದ್ದು ಭಾನುವಾರ ಹದಿನೆಂಟು ಜನ ಅದೇ ಜಾಗದಲ್ಲಿ ಹಾಯುತ್ತಾರೆ. ಐವರು ಮೊದಲ ಸಲ ಬರುವವರು. ಆ ಉಬ್ಬು ತಟ್ಟಿದಾಗ ಅವರ ಕಾಲು ಏಳುತ್ತದೆ. ನನ್ನದು ನಾಲ್ಕು ವರ್ಷದ ಮೇಲೂ ಎದ್ದಿತು.

ಫೆಬ್ರವರಿ ಎಂಟರ ಸಂಜೆ ಐದೂವರೆಗೆ ಆ ಬಿರುಕನ್ನು ಮುಚ್ಚಲು ಹೇಳಿದ್ದು ಯಾರು? ರೋಲರ್ ಇಲ್ಲದೆ ಮುಚ್ಚಿದ್ದನ್ನು ಬಂದು ನೋಡಿದ್ದು ಯಾರು? ಮರುದಿನ ಬೆಳಗ್ಗೆ ಎಂಟರ ಚಾಲಕರ ಸಭೆಯಲ್ಲಿ ಅದನ್ನು ಹೇಳಬಾರದೆಂದು ತೀರ್ಮಾನಿಸಿದ್ದು ಯಾರು? ಏಳು ವಾರವಾದರೂ ಅದು ಹಾಗೆಯೇ ಇರುವುದೇಕೆ?

ನನಗೆ ಕಾಗದ ಬರೆಯಬೇಡಿ, ಫೋನ್ ಮಾಡಬೇಡಿ. ಭಾನುವಾರ ಬೆಳಗ್ಗೆ ಎಂಟಕ್ಕೆ ಚಾಲಕರ ಸಭೆ ಇದೆ. ಅಲ್ಲಿ ಎದ್ದು ನಿಂತು, ಹದಿನೆಂಟು ಜನಕ್ಕೂ ಕೇಳಿಸುವಂತೆ, ಒಬ್ಬ ಕಾರು ಹತ್ತುವುದಕ್ಕೂ ಮೊದಲು ಉತ್ತರ ಕೊಡಿ."